ಹಳೆಯ ಫೆಂಡರ್ ಡಿಲಕ್ಸ್ ರಿವರ್ಬ್‌ನ ಸದ್ದು ಕುಗ್ಗಿದರೆ: ಶಕ್ತಿ ಸೋರುವ ಜಾಗ ಹುಡುಕುವ ಸಮಗ್ರ ಮಾರ್ಗದರ್ಶಿ

‘ಮೊದಲಿನಷ್ಟು ಜೋರಿಲ್ಲ’ ಎಂದು ಹಳೆಯ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಗಿಟಾರ್ ಆಂಪ್ ರಿಪೇರಿಗೆ ಬಂದಾಗ ಹೆಚ್ಚಿನವರು ಮೊದಲು ಕೈಹಾಕುವುದು ವಾಲ್ವ್‌ಗಳಿಗೆ. ದುಬಾರಿ ಬೆಲೆಗೆ ಹೊಸ ಜೋಡಿ ತರಿಸಿ ಸಿಕ್ಕಿಸುತ್ತಾರೆ, ಸದ್ದು ಇದ್ದಷ್ಟೇ ಇರುತ್ತದೆ. ಇದಕ್ಕೆ ಕಾರಣ ನಮ್ಮ ಕಿವಿಯ ಲೆಕ್ಕದಲ್ಲಿದೆ. ಆಂಪ್‌ನ ಶಕ್ತಿ ಅರ್ಧಕ್ಕಿಳಿದರೂ ಕಡಿಮೆಯಾಗುವುದು 3 ಡೆಸಿಬಲ್ ಮಾತ್ರ, ಗಮನವಿಟ್ಟು ಕೇಳಿದರಷ್ಟೇ ಗೊತ್ತಾಗುವಷ್ಟು. ‘ಸದ್ದು ಅರ್ಧವಾಗಿದೆ’ ಎಂದು ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು. ಅಂದರೆ 22 ವಾಟ್‌ನ ಆಂಪ್ 2 ವಾಟ್ ಕೊಡುತ್ತಿರಬೇಕು. ವಾಲ್ವ್ ಸ್ವಲ್ಪ ಸವೆದ ಮಾತ್ರಕ್ಕೆ ಇಷ್ಟು ನಷ್ಟವಾಗುವುದಿಲ್ಲ. ಎಲ್ಲೋ ಒಂದು ನಿರ್ದಿಷ್ಟ ದೋಷವಿದೆ, ಅದನ್ನು ಅಳೆದೇ ಹುಡುಕಬೇಕು.

ಉದಾಹರಣೆಗೆ ಫೆಂಡರ್ ಡಿಲಕ್ಸ್ ರಿವರ್ಬ್ ಅನ್ನೇ ತೆಗೆದುಕೊಂಡಿದ್ದೇನೆ. 1960ರ ದಶಕದ, ಕಪ್ಪು ಮುಖಫಲಕದ ಎಬಿ763 ಸರ್ಕ್ಯೂಟ್‌ನ ಮಾದರಿ ಇದು. ಔಟ್‌ಪುಟ್‌ನಲ್ಲಿ ಎರಡು 6ವಿ6ಜಿಟಿ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆಗಿ ಜಿಝಡ್34, ಉಳಿದ ಕಡೆ 12ಎಎಕ್ಸ್7 ಮತ್ತು 12ಎಟಿ7 ವಾಲ್ವ್‌ಗಳು. ಬೇರೆ ಪುಶ್-ಪುಲ್ (ಔಟ್‌ಪುಟ್ ವಾಲ್ವ್‌ಗಳು ಜೋಡಿಯಾಗಿ, ಸರದಿಯಂತೆ ದುಡಿಯುವ) ಆಂಪ್‌ಗಳಿಗೂ ಇದೇ ಕ್ರಮ ನಡೆಯುತ್ತದೆ, ಅಂಕಿಗಳನ್ನು ಮಾತ್ರ ಆಯಾ ಆಂಪ್‌ನ ಸರ್ಕ್ಯೂಟ್ ನಕ್ಷೆ ನೋಡಿ ಬದಲಿಸಿಕೊಳ್ಳಬೇಕು.

ಮೊದಲು ಜೀವ ಉಳಿಸಿಕೊಳ್ಳುವ ಮಾತು

ಈ ಚಾಸಿಯೊಳಗೆ (ಭಾಗಗಳನ್ನು ಜೋಡಿಸಿದ ಲೋಹದ ಚೌಕಟ್ಟಿನೊಳಗೆ) 400 ವೋಲ್ಟ್‌ಗೂ ಮೀರಿದ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಳ್ಳಬಲ್ಲವು. ಆದ್ದರಿಂದ ಪ್ಲಗ್ ಕಿತ್ತು, ಸ್ಟ್ಯಾಂಡ್‌ಬೈ ಸ್ವಿಚ್ಚನ್ನು ನುಡಿಸುವ ಸ್ಥಾನದಲ್ಲಿಟ್ಟು, 10 ಕಿಲೋಓಮ್ 10 ವಾಟ್ ರೆಸಿಸ್ಟರ್‌ನ ಒಂದು ತುದಿಯನ್ನು ಕ್ಲಿಪ್‌ನಿಂದ ಚಾಸಿಗೆ ಕಚ್ಚಿಸಿ. ಇನ್ನೊಂದು ತುದಿಯನ್ನು ಇನ್ಸುಲೇಟೆಡ್ ಪ್ರೋಬ್ ಮೂಲಕ 6ವಿ6ರ 3ನೇ ಪಿನ್‌ಗೂ, ಜಿಝಡ್34ರ 8ನೇ ಪಿನ್‌ಗೂ ಕೆಲವು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರ್ ಹಚ್ಚಿ ವೋಲ್ಟೇಜ್ 20ಕ್ಕಿಂತ ಕೆಳಗಿಳಿದದ್ದನ್ನು ಕಣ್ಣಾರೆ ನೋಡಿ, ಅಲ್ಲಿಯವರೆಗೆ ಒಳಗೆ ಕೈ ಹಾಕಬೇಡಿ. ಆನ್ ಇರುವಾಗ ಅಳೆಯುವುದಾದರೆ ಒಂದೇ ಕೈ ಬಳಸಿ. ಪಕ್ಕದಲ್ಲಿ ಮೇನ್ ಸ್ವಿಚ್ ಎಲ್ಲಿದೆ ಎಂದು ಗೊತ್ತಿರುವ ಒಬ್ಬರು ಇರಲಿ. ಹೈ ವೋಲ್ಟೇಜ್ ಕೆಲಸ ಮಾಡಿ ಅಭ್ಯಾಸವಿಲ್ಲದಿದ್ದರೆ, ಚಾಸಿ ಬಿಚ್ಚದೆ ಮಾಡುವ ಕೆಲಸಗಳನ್ನಷ್ಟೇ ಮಾಡಿ, ಉಳಿದದ್ದನ್ನು ಬಲ್ಲವರಿಗೆ ಬಿಡಿ.

ನಮ್ಮ ಊರುಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅಮೆರಿಕದಿಂದ ಬಂದ ಹಳೆಯ ಆಂಪ್‌ಗಳಲ್ಲಿ ಎರಡು ಪಿನ್‌ನ ವೈರ್ ಇರುತ್ತದೆ, ಮೇನ್ಸ್‌ನ ಒಂದು ಬದಿಯಿಂದ ಚಾಸಿಗೆ ಒಂದು ಕೆಪಾಸಿಟರ್ ಹೋಗಿರುತ್ತದೆ. ಆ ಕೆಪಾಸಿಟರ್ ಶಾರ್ಟ್ ಆದರೆ ಗಿಟಾರ್ ತಂತಿಗೇ ಕರೆಂಟ್ ಬರುತ್ತದೆ. ಅದನ್ನು ತೆಗೆದುಹಾಕಿ ಮೂರು ಪಿನ್‌ನ ವೈರ್ ಹಾಕಿಸಿ, ಅರ್ಥ್ ವೈರನ್ನು ಚಾಸಿಗೆ ಭದ್ರವಾಗಿ ಬಿಗಿಸಿ. ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಮೇನ್ಸ್ ವೋಲ್ಟೇಜನ್ನು ಅಮೆರಿಕದ ಆಂಪ್‌ಗೆ ಬೇಕಾದಷ್ಟಕ್ಕೆ ಇಳಿಸುವ ಸ್ಟೆಪ್‌ಡೌನ್ ಪೆಟ್ಟಿಗೆಗಳಲ್ಲಿ ಅನೇಕವು ಆಟೋಟ್ರಾನ್ಸ್‌ಫಾರ್ಮರ್‌ಗಳು, ಅವು ಮೇನ್ಸನ್ನು ಬೇರ್ಪಡಿಸುವುದಿಲ್ಲ. ಎಷ್ಟೋ ಪೆಟ್ಟಿಗೆಗಳ ಔಟ್‌ಪುಟ್ ಸಾಕೆಟ್‌ಗೆ ಅರ್ಥಿಂಗ್ ಕೊಟ್ಟೇ ಇರುವುದಿಲ್ಲ. ಗೋಡೆಯ ಸಾಕೆಟ್‌ನ ಅರ್ಥ್ ಪಿನ್‌ನಿಂದ ಆಂಪ್‌ನ ಚಾಸಿವರೆಗೆ ಸಂಪರ್ಕ ಇದೆಯೇ ಎಂದು ಮೀಟರ್‌ನಲ್ಲಿ ನೋಡಿದ ಮೇಲೆಯೇ ಮುಂದಿನ ಹೆಜ್ಜೆ.

ಸ್ಪೀಕರ್ ಅಥವಾ ಲೋಡ್ ಇಲ್ಲದೆ ಆಂಪ್‌ಗೆ ಸಿಗ್ನಲ್ ಕೊಡಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುವುದು ಹೀಗೆಯೇ.

ಚಾಸಿ ಬಿಚ್ಚುವ ಮೊದಲು

ಗಿಟಾರ್ ಯಾವ ಜ್ಯಾಕ್‌ನಲ್ಲಿದೆ ನೋಡಿ. ಪ್ರತಿ ಚಾನೆಲ್‌ನ 2ನೇ ಇನ್‌ಪುಟ್ ಸಿಗ್ನಲ್ಲನ್ನು ಅರ್ಧಕ್ಕಿಳಿಸಿಯೇ ಒಳಗೆ ಬಿಡುತ್ತದೆ. ಅದು ದೋಷವಲ್ಲ, ವಿನ್ಯಾಸವೇ ಹಾಗೆ.

ಈಗ ಆಂಪ್‌ನ ಹಿಂಬದಿಗೆ ಬನ್ನಿ. ಅಲ್ಲಿ ಎರಡು ಸ್ಪೀಕರ್ ಜ್ಯಾಕ್‌ಗಳಿವೆ, ಒಂದು ಮುಖ್ಯ, ಇನ್ನೊಂದು ಹೆಚ್ಚುವರಿ ಸ್ಪೀಕರ್‌ಗೆ. ಮುಖ್ಯ ಜ್ಯಾಕ್‌ನೊಳಗೆ ಒಂದು ಚಿಕ್ಕ ಲೋಹದ ಪಟ್ಟಿಯಿದೆ. ಪ್ಲಗ್ ಇಲ್ಲದಿದ್ದಾಗ ಅದು ಔಟ್‌ಪುಟ್ಟನ್ನು ಶಾರ್ಟ್ ಮಾಡುತ್ತದೆ, ಲೋಡ್ ಇಲ್ಲದೆ ಆಂಪ್ ನುಡಿಸಿದರೂ ಟ್ರಾನ್ಸ್‌ಫಾರ್ಮರ್ ಉಳಿಯಲಿ ಎಂದು ಮಾಡಿದ ಏರ್ಪಾಟು ಅದು. ಸ್ಪೀಕರ್ ಪ್ಲಗ್ಗನ್ನು ಹೆಚ್ಚುವರಿ ಜ್ಯಾಕ್‌ಗೆ ಮಾತ್ರ ಹಾಕಿದರೆ ಮುಖ್ಯ ಜ್ಯಾಕ್ ಶಾರ್ಟ್ ಆಗಿಯೇ ಉಳಿಯುತ್ತದೆ. ಕೇಳುವುದು ಕ್ಷೀಣ ಪಿಸುದನಿ ಮಾತ್ರ. ಸರಿಯಾದ ಜ್ಯಾಕ್‌ನಲ್ಲಿದ್ದರೂ ಹಳೆಯ ಪಟ್ಟಿ ಬಾಗಿ ಅಥವಾ ಕಿಲುಬು ಹಿಡಿದು ಪೂರ್ತಿ ಬಿಡಿಸಿಕೊಳ್ಳದೆ ಇರಬಹುದು. ಆಂಪ್ ಆಫ್ ಮಾಡಿ, ಟಾರ್ಚ್ ಬಿಟ್ಟು ನೋಡುತ್ತಾ ಪ್ಲಗ್ ಒಳಗೆ ತಳ್ಳಿದರೆ ಪಟ್ಟಿ ಮೇಲೇಳಬೇಕು.

ಸ್ಪೀಕರ್‌ನ ಡಿಸಿ ರೆಸಿಸ್ಟೆನ್ಸ್ ಅಳೆಯಿರಿ. 8 ಓಮ್‌ನ ಸ್ಪೀಕರ್ 6ರಿಂದ 7 ಓಮ್ ತೋರಿಸಬೇಕು. ಹಿಂದಿನ ಮಾಲೀಕರು ಸ್ಪೀಕರ್ ಬದಲಿಸಿದ್ದರೆ ಅದರ ಸೆನ್ಸಿಟಿವಿಟಿಯನ್ನೂ, ಅಂದರೆ ಅಷ್ಟೇ ಶಕ್ತಿಗೆ ಎಷ್ಟು ಸದ್ದು ಕೊಡುತ್ತದೆ ಎಂಬುದನ್ನೂ, ವಿಚಾರಿಸಿ. 100 ಡೆಸಿಬಲ್‌ನ ಸ್ಪೀಕರ್ ಇದ್ದ ಜಾಗದಲ್ಲಿ 95 ಡೆಸಿಬಲ್‌ನದು ಬಂದಿದ್ದರೆ, ಆಂಪ್‌ನ ಸುಮಾರು ಮೂರನೇ ಎರಡು ಪಾಲು ಶಕ್ತಿ ಕಳೆದುಹೋದಂತೆ ಕೇಳುತ್ತದೆ. ಆಂಪ್ ಮಾತ್ರ ಪೂರ್ತಿ ಆರೋಗ್ಯವಾಗಿರುತ್ತದೆ. ಬೇರೆ ಒಳ್ಳೆಯ ಸ್ಪೀಕರ್ ಹಾಕಿ ಕೇಳಿದರೆ ಐದು ನಿಮಿಷದಲ್ಲಿ ತೀರ್ಮಾನವಾಗುವ ವಿಷಯವಿದು.

ಕೊನೆಯದಾಗಿ ಎರಡೂ ಚಾನೆಲ್‌ಗಳನ್ನು ಹೋಲಿಸಿ. ವೈಬ್ರಾಟೋ ಚಾನೆಲ್‌ನಲ್ಲಿ ಒಂದು ಹಂತ ಹೆಚ್ಚಿರುವುದರಿಂದ ಅದು ಸಹಜವಾಗಿಯೇ ತುಸು ಜೋರು. ಎರಡೂ ಕುಗ್ಗಿದ್ದರೆ ದೋಷವಿರುವುದು ಅವೆರಡೂ ಸೇರುವ ಜಾಗದಿಂದ ಮುಂದೆ ಅಥವಾ ಪವರ್ ಸಪ್ಲೈಯಲ್ಲಿ. ಒಂದೇ ಕುಗ್ಗಿದ್ದರೆ ಔಟ್‌ಪುಟ್ ವಾಲ್ವ್‌ಗಳ ಗೊಡವೆಗೇ ಹೋಗಬೇಡಿ.

ಮೇನ್ಸ್ ಮತ್ತು ಸ್ಟೆಪ್‌ಡೌನ್

ಸರ್ಕ್ಯೂಟ್ ನಕ್ಷೆಯ ಅಂಕಿಗಳೆಲ್ಲ 117 ವೋಲ್ಟ್‌ಗೆ ಬರೆದವು. ನಮ್ಮ ಸ್ಟೆಪ್‌ಡೌನ್ 110 ಕೊಟ್ಟರೆ ಒಳಗಿನ ಪ್ರತಿ ವೋಲ್ಟೇಜೂ ಶೇಕಡಾ 6ರಷ್ಟು ಇಳಿಯುತ್ತದೆ, ಶಕ್ತಿ 22ರಿಂದ 19 ಚಿಲ್ಲರೆ ವಾಟ್‌ಗೆ ಬರುತ್ತದೆ. ಕಿವಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಚಿಕ್ಕ ಸ್ಟೆಪ್‌ಡೌನ್ ಲೋಡ್ ಬಿದ್ದಾಗ 95ಕ್ಕೆ ಕುಸಿದರೆ ಕಥೆ ಬೇರೆ. 6.3 ವೋಲ್ಟ್ ಇರಬೇಕಾದ ಹೀಟರ್ 5.1ಕ್ಕೆ ಇಳಿದು ವಾಲ್ವ್‌ಗಳು ಸರಿಯಾಗಿ ಕಾಯುವುದೇ ಇಲ್ಲ. ಆದ್ದರಿಂದ ಆಂಪ್ ನುಡಿಯುತ್ತಿರುವಾಗಲೇ ಅಳೆಯಿರಿ, ಸ್ಟೆಪ್‌ಡೌನ್ 300 ವಿಎಗಿಂತ ಕಡಿಮೆಯದಾಗದಿರಲಿ. ಹೀಟರ್ ವೋಲ್ಟೇಜ್ 6ವಿ6ರ 2 ಮತ್ತು 7ನೇ ಪಿನ್‌ಗಳ ನಡುವೆ ಎಸಿಯಲ್ಲಿ 5.7ರಿಂದ 6.9ರೊಳಗೆ ಇರಬೇಕು.

ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬಲ್ಬ್ ಬೋರ್ಡ್ ಮೊದಲ ಸಲ ಆನ್ ಮಾಡಲು ಒಳ್ಳೆಯದು, ಶಾರ್ಟ್ ಇದ್ದರೆ ಬಲ್ಬ್ ಧಗ್ಗನೆ ಉರಿದು ತಿಳಿಸುತ್ತದೆ. ಶಕ್ತಿ ಅಳೆಯುವ ಹೊತ್ತಿಗೆ ಅದನ್ನು ತೆಗೆದುಬಿಡಿ. ಇಲ್ಲವಾದರೆ ಬಲ್ಬ್ ತಿಂದ ವೋಲ್ಟೇಜನ್ನು ಆಂಪ್‌ನ ದೋಷವೆಂದು ಎಣಿಸುತ್ತೀರಿ.

ನಿಜವಾಗಿ ಎಷ್ಟು ವಾಟ್ ಬರುತ್ತಿದೆ?

ಇದು ಇಡೀ ಕೆಲಸದ ಬೆನ್ನೆಲುಬು. ಸ್ಪೀಕರ್ ಬದಲು 8 ಓಮ್ 50 ವಾಟ್‌ನ ವೈರ್‌ವೂಂಡ್ ರೆಸಿಸ್ಟರನ್ನು ಮುಖ್ಯ ಜ್ಯಾಕ್‌ಗೆ ಹಾಕಿ. ಇಂಥವು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸಿಗುತ್ತವೆ. ಸರಿಯಾಗಿ 8 ಓಮ್ ಸಿಗದಿದ್ದರೆ ಎರಡು ಮೂರು ಸೇರಿಸಿ ಹೊಂದಿಸಿಕೊಳ್ಳಿ. ಫೋನ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 400 ಹರ್ಟ್ಸ್‌ನ ಸೈನ್ ಸ್ವರ ಹೊರಡಿಸಿ. 1000 ಹರ್ಟ್ಸ್ ಬೇಡ, ಅಗ್ಗದ ಮೀಟರ್‌ಗಳು ಅಲ್ಲಿ ತಪ್ಪು ತೋರಿಸುತ್ತವೆ. ಫೋನ್ ಚಾರ್ಜರ್‌ನಲ್ಲಿರಬಾರದು. ಅದರ ಸಿಗ್ನಲ್ ಗಿಟಾರ್‌ಗಿಂತ ಬಹಳ ಜೋರಾದ್ದರಿಂದ 10 ಕಿಲೋಓಮ್ ಮತ್ತು 1 ಕಿಲೋಓಮ್ ರೆಸಿಸ್ಟರ್‌ಗಳಲ್ಲಿ ಹನ್ನೊಂದನೇ ಒಂದಕ್ಕೆ ಇಳಿಸಿ, ಸುಮಾರು 50 ಮಿಲಿವೋಲ್ಟನ್ನು ನಾರ್ಮಲ್ ಚಾನೆಲ್‌ನ 1ನೇ ಇನ್‌ಪುಟ್‌ಗೆ ಕೊಡಿ. ಟ್ರೆಬಲ್, ಬಾಸ್ ಎರಡೂ ಮಧ್ಯದಲ್ಲಿರಲಿ.

ಲೋಡ್‌ನ ಎರಡು ತುದಿಗಳ ನಡುವೆ ಎಸಿ ವೋಲ್ಟೇಜ್ ನೋಡುತ್ತಾ ವಾಲ್ಯೂಮ್ ಮೆಲ್ಲಗೆ ಏರಿಸಿ. 8 ಓಮ್‌ನ ಮೇಲೆ 13.3 ವೋಲ್ಟ್ ಎಂದರೆ 22 ವಾಟ್, 9 ವೋಲ್ಟ್ ಎಂದರೆ 10 ವಾಟ್, 6.3 ಎಂದರೆ 5 ವಾಟ್, 4 ಎಂದರೆ 2 ವಾಟ್. ಅಲೆ ಎಲ್ಲಿ ಚಪ್ಪಟೆಯಾಗುತ್ತದೆ ಎಂದು ನೋಡಲು ಆಸಿಲೋಸ್ಕೋಪ್ ಇದ್ದರೆ ಸರಿ. ಇಲ್ಲದಿದ್ದರೆ 220 ಓಮ್ 2 ವಾಟ್ ರೆಸಿಸ್ಟರ್ ಮೂಲಕ ಯಾವುದಾದರೂ ಹಳೆಯ ಚಿಕ್ಕ ಸ್ಪೀಕರನ್ನು ಲೋಡ್‌ಗೆ ಸಮಾಂತರವಾಗಿ ತೂಗುಹಾಕಿ. ಸಣ್ಣಗೆ ಕೊಳಲಿನಂತೆ ಕೇಳುತ್ತಿದ್ದ ಸ್ವರ ಒಮ್ಮೆಗೇ ಕರ್ಕಶವಾಗುವ ಕ್ಷಣ ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಆ ಕ್ಷಣದ ವೋಲ್ಟೇಜ್ ಬರೆದುಕೊಳ್ಳಿ. ಪೂರ್ತಿ ಜೋರಿನಲ್ಲಿ ಬಹಳ ಹೊತ್ತು ಬಿಡಬೇಡಿ, ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ.

ಮೂರರಲ್ಲಿ ಒಂದು ಆಗುತ್ತದೆ. 12–13 ವೋಲ್ಟ್‌ವರೆಗೆ ಸ್ವರ ಶುದ್ಧವಾಗಿದ್ದರೆ ಆಂಪ್‌ಗೆ ಏನೂ ಆಗಿಲ್ಲ, ಸ್ಪೀಕರ್ ಅಥವಾ ಗಿಟಾರ್ ಕಡೆ ನೋಡಿ. 5–6 ವೋಲ್ಟ್‌ಗೇ ಕರ್ಕಶವಾದರೆ ಅನುಮಾನ ಔಟ್‌ಪುಟ್ ಹಂತ ಮತ್ತು ಪವರ್ ಸಪ್ಲೈ ಮೇಲೆ. ವಾಲ್ಯೂಮ್ 10ಕ್ಕೆ ತಿರುಗಿಸಿದರೂ ಸ್ವರ ಶುದ್ಧವಾಗಿಯೇ ಉಳಿದು 3–4 ವೋಲ್ಟ್ ದಾಟದಿದ್ದರೆ ಶಕ್ತಿಗೆ ಕೊರತೆಯಿಲ್ಲ, ಔಟ್‌ಪುಟ್‌ಗಿಂತ ಮೊದಲಿನ ಹಂತಗಳಲ್ಲೆಲ್ಲೋ ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) ಸೋರಿದೆ. ಈ ಎರಡನೆಯ ಮತ್ತು ಮೂರನೆಯ ಸ್ಥಿತಿಗಳನ್ನು ಬೇರೆಮಾಡದೆ ಬಿಡಿಭಾಗ ಬದಲಿಸಲು ಹೊರಟರೆ ದುಡ್ಡೂ ಹೋಗುತ್ತದೆ, ಹಳೆಯ ಆಂಪ್‌ನ ಮೂಲ ಭಾಗಗಳೂ ಹೋಗುತ್ತವೆ.

ಗ್ರಿಡ್‌ನಲ್ಲಿ ನಿಂತು ಎರಡು ಕಡೆ ನೋಡುವುದು

ಅನುಮಾನ ಇನ್ನೂ ಉಳಿದರೆ ಆಂಪನ್ನು ನಡುವೆ ಸೀಳುವ ಜಾಗ 6ವಿ6ರ 5ನೇ ಪಿನ್, ಅಂದರೆ ಗ್ರಿಡ್. ಅಲ್ಲಿ ಸುಮಾರು ಮೈನಸ್ 35 ವೋಲ್ಟ್ ಬಯಸ್, ಅಂದರೆ ಸಿಗ್ನಲ್ ಇಲ್ಲದಾಗ ವಾಲ್ವ್‌ನ ಕರೆಂಟನ್ನು ನಿರ್ಧರಿಸುವ ಸ್ಥಿರ ವೋಲ್ಟೇಜ್, ಇರುತ್ತದೆ. ವಾಲ್ವ್‌ನಿಂದ ಪೂರ್ತಿ ಕೆಲಸ ತೆಗೆಯಲು ಸಿಗ್ನಲ್‌ನ ತುದಿ ಅಷ್ಟೇ ಎತ್ತರಕ್ಕೆ ಏರಬೇಕು, ಎಸಿ ಮೀಟರ್‌ನಲ್ಲಿ ಅದು ಸುಮಾರು 25 ವೋಲ್ಟ್. ಮೀಟರ್‌ನ ಪ್ರೋಬ್‌ಗೆ 0.1 ಮೈಕ್ರೋಫ್ಯಾರಡ್ 600 ವೋಲ್ಟ್ ಕೆಪಾಸಿಟರ್ ಸರಣಿಯಲ್ಲಿ ಹಾಕಿಕೊಂಡರೆ ಡಿಸಿ ಬೆರೆತು ಲೆಕ್ಕ ತಪ್ಪುವುದಿಲ್ಲ.

ಎರಡೂ 6ವಿ6ಗಳ ಗ್ರಿಡ್‌ಗೆ 25 ವೋಲ್ಟ್ ತಲುಪಿಯೂ ಲೋಡ್‌ನಲ್ಲಿ 13 ಬರದಿದ್ದರೆ ದೋಷ ಔಟ್‌ಪುಟ್ ಕಡೆ. ಗ್ರಿಡ್‌ಗೇ ಅಷ್ಟು ಬರದಿದ್ದರೆ ಹಿಂದಕ್ಕೆ ಹೋಗಿ. ಒಂದು ಗ್ರಿಡ್‌ಗೆ ಬಂದು ಇನ್ನೊಂದಕ್ಕೆ ಬರದಿದ್ದರೆ ಇನ್ನೂ ಸುಲಭ: ಫೇಸ್ ಇನ್ವರ್ಟರ್‌ನ (ಒಂದೇ ಸಿಗ್ನಲ್ಲನ್ನು ಪರಸ್ಪರ ವಿರುದ್ಧವಾದ ಎರಡಾಗಿ ಮಾಡಿ ಎರಡೂ 6ವಿ6ಗೆ ಕೊಡುವ ಹಂತ) ಆ ಬದಿಯ ಪ್ಲೇಟ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್‌ನ ಕಪ್ಲಿಂಗ್ ಕೆಪಾಸಿಟರ್, ಸಾಕೆಟ್ ಮೇಲಿನ 1500 ಓಮ್ ರೆಸಿಸ್ಟರ್, ಇಷ್ಟರೊಳಗೇ ಇದೆ. ಪ್ಲೇಟ್ ರೆಸಿಸ್ಟರ್‌ಗಳು 82 ಕಿಲೋಓಮ್ ಒಂದು, 100 ಕಿಲೋಓಮ್ ಒಂದು. ಬೇರೆ ಬೇರೆ ಇರುವುದೇ ಸರಿ, ಸಮ ಮಾಡಲು ಹೋಗಬೇಡಿ.

ಔಟ್‌ಪುಟ್ ಹಂತ

ಈಗ ಸಿಗ್ನಲ್ ಇಲ್ಲದೆ, ವಾಲ್ಯೂಮ್ ಸೊನ್ನೆಗಿಟ್ಟು ಡಿಸಿ ಅಳೆಯಿರಿ. 3ನೇ ಪಿನ್, ಅಂದರೆ ಪ್ಲೇಟ್, ನಕ್ಷೆಯ ಪ್ರಕಾರ 415 ವೋಲ್ಟ್. 4ನೇ ಪಿನ್, ಅಂದರೆ ಸ್ಕ್ರೀನ್, ಹೆಚ್ಚುಕಡಿಮೆ ಅಷ್ಟೇ. ಫೆಂಡರ್ ತನ್ನ ನಕ್ಷೆಯಲ್ಲೇ ಶೇಕಡಾ 20ರಷ್ಟು ಹೆಚ್ಚುಕಡಿಮೆ ಇರಬಹುದು ಎಂದು ಬರೆದಿದೆ, ಹಾಗಾಗಿ 390 ಕಂಡರೆ ಗಾಬರಿ ಬೇಡ. ಪ್ಲೇಟ್‌ನಲ್ಲಿ ವೋಲ್ಟೇಜ್ ಇದ್ದು ಸ್ಕ್ರೀನ್‌ನಲ್ಲಿ ಇಲ್ಲವಾದರೆ 470 ಓಮ್‌ನ ಸ್ಕ್ರೀನ್ ರೆಸಿಸ್ಟರ್ ಸುಟ್ಟು ತೆರೆದಿದೆ. ಆ ವಾಲ್ವ್ ಕೆಂಪಗೆ ಉರಿಯುತ್ತಾ ಜೀವಂತವಾಗಿ ಕಾಣುತ್ತದೆ, ಆದರೆ ಕೆಲಸ ಮಾಡುತ್ತಿರುವುದು ಅದರ ಜೋಡಿ ಒಂದೇ. ಶಕ್ತಿ ಅರ್ಧಕ್ಕಿಂತ ಕೆಳಗೆ ಹೋಗಿ ಸ್ವರವೂ ಒರಟಾಗಲು ಇದು ತೀರಾ ಸಾಮಾನ್ಯ ಕಾರಣ. ರೆಸಿಸ್ಟರ್ ಬದಲಿಸಿ ಸುಮ್ಮನಾಗಬೇಡಿ. ಅದನ್ನು ಸುಟ್ಟದ್ದು ಬಹುಶಃ ಆ ವಾಲ್ವ್‌ನೊಳಗಿನ ಶಾರ್ಟ್, ಅದೇ ವಾಲ್ವ್ ಮತ್ತೆ ಹಾಕಿದರೆ ಹೊಸ ರೆಸಿಸ್ಟರೂ ಹೋದೀತು.

ಬಯಸ್ ನೋಡಲು 8ನೇ ಪಿನ್ ಮತ್ತು ಚಾಸಿ ನಡುವೆ 1 ಓಮ್ ರೆಸಿಸ್ಟರ್ ಬೆಸೆಯಿರಿ. ಅದರ ಮೇಲೆ 1 ಮಿಲಿವೋಲ್ಟ್ ಎಂದರೆ 1 ಮಿಲಿಆಂಪಿಯರ್. ಪ್ರತಿ ವಾಲ್ವ್‌ಗೆ 20ರಿಂದ 24 ಮಿಲಿಆಂಪಿಯರ್ ಇದ್ದರೆ ಆರೋಗ್ಯಕರ. 6ವಿ6ಜಿಟಿಯ ಪ್ಲೇಟ್ ತಡೆದುಕೊಳ್ಳುವುದು 14 ವಾಟ್, ಅದರ ಶೇಕಡಾ 70ರ ಲೆಕ್ಕವಿದು. ಕರೆಂಟ್ 8–10 ಮಾತ್ರ ಇದ್ದರೆ ಬಯಸ್ ಅತಿಯಾಗಿ ತಣ್ಣಗಿದೆ. ಹಿಂದಿನವರು ಬಯಸ್ ಪಾಟ್ ಅನ್ನು ತುದಿಗೆ ತಿರುಗಿಸಿಟ್ಟಿರಬಹುದು. ಬಯಸ್ ಸರಿಯಿದ್ದೂ, ಅಂದರೆ ಮೈನಸ್ 35ರ ಸುತ್ತಲೇ ಇದ್ದೂ ಕರೆಂಟ್ ಏರದಿದ್ದರೆ ಆಗ ಮಾತ್ರ ವಾಲ್ವ್ ಮುಪ್ಪಾಗಿದೆ ಎನ್ನಬಹುದು. ಹೊಸದನ್ನು ಕೊಳ್ಳುವಾಗ ಒಂದು ಎಚ್ಚರ: ಹಳೆಯ ದಾಖಲೆಗಳ ಪ್ರಕಾರ 6ವಿ6ಜಿಟಿಯ ಪ್ಲೇಟ್ ಮಿತಿ 350 ವೋಲ್ಟ್. ಫೆಂಡರ್ ಅದನ್ನು ಮೀರಿಯೇ ದುಡಿಸಿತು, ಆ ಕಾಲದ ಗಟ್ಟಿ ವಾಲ್ವ್‌ಗಳು ತಾಳಿಕೊಂಡವು. ಇಂದು ಕೊಳ್ಳುವಾಗ ಹೆಚ್ಚಿನ ವೋಲ್ಟೇಜ್‌ಗೆ ಹೇಳಿಮಾಡಿಸಿದ ಮಾದರಿಯನ್ನೇ ಆರಿಸಿ.

ಪವರ್ ಸಪ್ಲೈ ದಣಿದಿದೆಯೇ ಎಂದು ತಿಳಿಯಲು ಪ್ಲೇಟ್ ಸಪ್ಲೈಗೆ ಮೀಟರ್ ಹಚ್ಚಿಟ್ಟು ಸಿಗ್ನಲ್ ಏರಿಸಿ. ವಾಲ್ವ್ ರೆಕ್ಟಿಫೈಯರ್‌ನಲ್ಲಿ ಪೂರ್ತಿ ಜೋರಿಗೆ 40–50 ವೋಲ್ಟ್ ಬೀಳುವುದು ಸಹಜ, ಆ ಆಂಪ್‌ನ ಮೃದು ಗುಣ ಬರುವುದೇ ಅದರಿಂದ. 100 ವೋಲ್ಟ್ ಬಿದ್ದರೆ ಜಿಝಡ್34 ಸೋತಿದೆ, ಅಥವಾ ಮೊದಲ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿವೆ. ಸಿಗ್ನಲ್ ಇಲ್ಲದಾಗ ಮೊದಲ ಕೆಪಾಸಿಟರ್ ಮೇಲೆ ಎಸಿ ಐದಾರು ವೋಲ್ಟ್ ಇದ್ದರೆ ಪರವಾಗಿಲ್ಲ, 15 ದಾಟಿದರೆ ಕೆಪಾಸಿಟರ್‌ಗಳನ್ನೇ ಬದಲಿಸಿ. ಚಾಸಿಯ ಹೊರಗಿನ ತಗಡಿನ ಮುಚ್ಚಳದಡಿ 16 ಮೈಕ್ರೋಫ್ಯಾರಡ್‌ನವು ಸಾಲಾಗಿವೆ. ಒಂದು ಕೆಟ್ಟಿದ್ದರೆ ಉಳಿದವಕ್ಕೂ ಅದೇ ವಯಸ್ಸು, ಎಲ್ಲವನ್ನೂ ಒಟ್ಟಿಗೆ ತೆಗೆಯುವುದು ಒಳ್ಳೆಯದು. ರೆಕ್ಟಿಫೈಯರ್‌ನ ಗಾಜಿನ ಮೇಲಿನ ಅಕ್ಷರವನ್ನೂ ಓದಿ. ಜಿಝಡ್34ರ ಸಾಕೆಟ್‌ಗೆ 5ವೈ3 ಸರಾಗವಾಗಿ ಕೂರುತ್ತದೆ, ಆಂಪ್ ನುಡಿಯುತ್ತದೆ ಕೂಡ, ಆದರೆ ವೋಲ್ಟೇಜ್ ಗಣನೀಯವಾಗಿ ಇಳಿದು ಶಕ್ತಿ ಕುಗ್ಗುತ್ತದೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೇಲಿನ ಅನುಮಾನ ಕೊನೆಗಿರಲಿ, ಅದು ಕೆಡುವುದು ಜನ ಅಂದುಕೊಂಡಷ್ಟು ಸಾಮಾನ್ಯವಲ್ಲ. ಆಂಪ್ ಆಫ್ ಮಾಡಿ, ಕೆಪಾಸಿಟರ್ ಖಾಲಿ ಮಾಡಿ, 6ವಿ6 ಎರಡನ್ನೂ ಕೀಳಿ. ಸ್ಪೀಕರ್ ತೆಗೆದು, ಮುಖ್ಯ ಜ್ಯಾಕ್‌ಗೆ ಏನೂ ಬೆಸೆಯದ ಖಾಲಿ ಪ್ಲಗ್ ಒಂದನ್ನು ತುರುಕಿ, ಇಲ್ಲದಿದ್ದರೆ ಆ ಶಾರ್ಟ್ ಪಟ್ಟಿಯೇ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಫೋನ್‌ನ ಹೆಡ್‌ಫೋನ್ ಔಟ್‌ಪುಟ್‌ನಿಂದ 400 ಹರ್ಟ್ಸ್ ಸ್ವರವನ್ನು ನೇರ ಸೆಕೆಂಡರಿಗೆ (ಸ್ಪೀಕರ್ ಬದಿಯ ಸುತ್ತು) ಕೊಟ್ಟು, ಎರಡು ಸಾಕೆಟ್‌ಗಳ 3ನೇ ಪಿನ್‌ಗಳ ನಡುವೆ ಅಳೆಯಿರಿ. ಕೊಟ್ಟದ್ದರ ಸುಮಾರು 28–29 ಪಟ್ಟು ಕಾಣಬೇಕು. ಬಹಳ ಕಡಿಮೆ ಬಂದರೆ, ಅಥವಾ ಕೊಟ್ಟ ಸಿಗ್ನಲ್ಲೇ ಸೆಕೆಂಡರಿಯಲ್ಲಿ ಕುಸಿದು ಬಿದ್ದರೆ, ಸುತ್ತುಗಳ ನಡುವೆ ಶಾರ್ಟ್ ಇದೆ. ಪ್ರೈಮರಿಯ (ವಾಲ್ವ್ ಬದಿಯ ಸುತ್ತು) ಎರಡು ಅರ್ಧಗಳ ರೆಸಿಸ್ಟೆನ್ಸ್ ಸ್ವಲ್ಪ ಬೇರೆಯಿದ್ದರೆ ಚಿಂತೆಯಿಲ್ಲ, ಹೊರಗಿನ ಸುತ್ತಿಗೆ ತಂತಿ ಹೆಚ್ಚು ಬೇಕಾಗುತ್ತದೆ ಅಷ್ಟೆ.

ಗೇನ್ ಸೋರಿದ್ದರೆ

ವಾಲ್ವ್ ಬದಲಿಸಿ ನೋಡುವುದು ಇಲ್ಲಿ ಮಾತ್ರ ಮೊದಲ ಹೆಜ್ಜೆಯಾಗಬಹುದು, ಏಕೆಂದರೆ ಒಂದು ಒಳ್ಳೆಯ 12ಎಎಕ್ಸ್7 ಇದ್ದರೆ ಆ ವಾಲ್ವ್ ಇರುವ ಎಲ್ಲ ಜಾಗಕ್ಕೂ ಹಾಕಿ ನೋಡಬಹುದು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಿಂದ ರೇಡಿಯೋ ವಾಲ್ವ್‌ಗಳನ್ನು ಮಾಡುತ್ತಿತ್ತು. ಅದರ ಇಸಿಸಿ83 ಎಂದರೆ ಇದೇ 12ಎಎಕ್ಸ್7. ಮನೆಯ ಹಳೆಯ ಪೆಟ್ಟಿಗೆಯಲ್ಲಿ ‘ಬಿಇಎಲ್’ ಎಂದು ಬರೆದ ಒಂದು ಸಿಕ್ಕರೆ ಜೋಪಾನವಾಗಿಡಿ, ಹೊರದೇಶದವರೂ ಹುಡುಕಿ ಕೊಳ್ಳುವ ವಾಲ್ವ್ ಅದು. ಔಟ್‌ಪುಟ್ ವಾಲ್ವ್‌ಗಳ ಪಕ್ಕದ ಫೇಸ್ ಇನ್ವರ್ಟರ್ ಮತ್ತು ರಿವರ್ಬ್ ಡ್ರೈವರ್ ಸ್ಥಾನಗಳಲ್ಲಿ ಮಾತ್ರ 12ಎಟಿ7, ಅಂದರೆ ಇಸಿಸಿ81 ಇರಬೇಕು. ಕಿತ್ತು ಹಾಕುವಾಗ ಪಿನ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಎರಡು ಸಲ ಒಳಗೆ ಹೊರಗೆ ಆಡಿಸಿ. ಎಷ್ಟೋ ಸಲ ದೋಷ ಅಷ್ಟರಲ್ಲೇ ಹೋಗುತ್ತದೆ.

ಹೋಗದಿದ್ದರೆ 1 ಮತ್ತು 6ನೇ ಪಿನ್‌ಗಳ ಡಿಸಿ ನೋಡಿ. ಮೊದಲ ಹಂತಗಳಲ್ಲಿ 180 ವೋಲ್ಟ್ ಆಸುಪಾಸು ಇರಬೇಕು. ತೀರಾ ಕಡಿಮೆಯಿದ್ದರೆ 100 ಕಿಲೋಓಮ್‌ನ ಪ್ಲೇಟ್ ರೆಸಿಸ್ಟರ್ ವಯಸ್ಸಾಗಿ ಏರಿದೆ. ಪ್ಲೇಟ್ ವೋಲ್ಟೇಜ್ ಸರಿಯಿದ್ದೂ ಗೇನ್ ಇಲ್ಲವೆಂದರೆ ಕ್ಯಾಥೋಡ್‌ನ 25 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಣಗಿರಬಹುದು. ಅದೊಂದು ಸತ್ತರೆ ಆ ಹಂತದ ಗೇನ್ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಹೊಸ ಕೆಪಾಸಿಟರನ್ನು ಹಳೆಯದಕ್ಕೆ ಸಮಾಂತರವಾಗಿ ಕ್ಲಿಪ್ ಹಾಕಿದಾಗ ಸದ್ದು ಏರಿದರೆ ಅದೇ ಕಳ್ಳ.

ವೈಬ್ರಾಟೋ ಚಾನೆಲ್ ಮಾತ್ರ ಕುಗ್ಗಿದ್ದು, ದನಿ ತೆಳ್ಳಗಾಗಿದ್ದರೆ ನೇರವಾಗಿ 3.3 ಮೆಗಾಓಮ್ ರೆಸಿಸ್ಟರ್ ಹತ್ತಿರ ಹೋಗಿ. ರಿವರ್ಬ್ ಬೆರೆಯುವ ಜಾಗದಲ್ಲಿ, 10 ಪಿಕೋಫ್ಯಾರಡ್‌ನ ಚಿಕ್ಕ ಕೆಪಾಸಿಟರ್ ಪಕ್ಕದಲ್ಲಿ ಅದಿದೆ. ನೇರ ಸಿಗ್ನಲ್ ಪೂರ್ತಿ ಅದರ ಮೂಲಕವೇ ಹಾಯುತ್ತದೆ. ಹಳೆಯ ಕಾರ್ಬನ್ ರೆಸಿಸ್ಟರ್‌ಗಳಲ್ಲಿ ಇಷ್ಟು ದೊಡ್ಡ ಬೆಲೆಯವು ಕಾಲಕ್ರಮೇಣ ಏರುವುದೇ ಹೆಚ್ಚು. ಪೂರ್ತಿ ತೆರೆದುಹೋದರೆ ಆ ಚಿಕ್ಕ ಕೆಪಾಸಿಟರ್ ಮೂಲಕ ಬರೀ ಟ್ರೆಬಲ್ ದಾಟುತ್ತದೆ, ಗಿಟಾರ್ ಎಲ್ಲೋ ದೂರದ ರೇಡಿಯೋದಲ್ಲಿ ನುಡಿದಂತಾಗುತ್ತದೆ. ಕಾಲು ಬಿಡಿಸಿ ಅಳೆಯಿರಿ, 4ಕ್ಕಿಂತ ಮೇಲಿದ್ದರೆ ಬದಲಿಸಿ.

ರಿಪೇರಿ ಮುಗಿದ ಮೇಲೆ ಅದೇ ಲೋಡ್, ಅದೇ 400 ಹರ್ಟ್ಸ್‌ನಲ್ಲಿ ಮತ್ತೆ ಅಳೆದು, ಕರ್ಕಶವಾಗುವ ಕ್ಷಣದ ವೋಲ್ಟೇಜ್, ಆಗಿನ ಮೇನ್ಸ್ ವೋಲ್ಟೇಜ್, ಎರಡೂ 6ವಿ6ಗಳ ಕರೆಂಟ್ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ನ ಒಳಗೆ ಅಂಟಿಸಿ. ಹೊಸ 6ವಿ6 ಹಾಕಿದ್ದರೆ ಒಂದೆರಡು ಗಂಟೆ ನುಡಿಸಿದ ಮೇಲೆ ಬಯಸ್ ಕರೆಂಟ್ ಇನ್ನೊಮ್ಮೆ ನೋಡಿ. ವಾಲ್ವ್‌ಗಳು ಹೊಸದರಲ್ಲಿ ಸ್ವಲ್ಪ ಜರುಗುತ್ತವೆ, 26–27ಕ್ಕೆ ಏರಿದ್ದರೆ ಮತ್ತೆ 22ರ ಹತ್ತಿರಕ್ಕೆ ಇಳಿಸಿ ಚಾಸಿ ಮುಚ್ಚಿ.